ಹದಿನಾಲ್ಕನೆಯ ಸರ್ವರ್

ಆ ಪಟ್ಟಿ ನಲವತ್ತೊಂದು ಪುಟವಿತ್ತು. ಕಾರ್ಖಾನೆಯಲ್ಲಿ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ.

ಕಲ್ಲನ್ನು ರುಬ್ಬಿ ಪುಡಿ ಮಾಡಿ ಗಾಜು ತಯಾರಿಸುವವರಿಗೆ ಮಾರುವ ಕಾರ್ಖಾನೆ ಅದು. ಬೆಂಕಿಯೋ ನೀರೋ ಬಂದು ಕಂಪ್ಯೂಟರುಗಳು ಹಾಳಾದರೆ ಅವನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಸಾಫ್ಟ್‌ವೇರ್ ಒಂದನ್ನು ಆ ವರ್ಷ ಕೊಂಡಿದ್ದರು. ಅದರ ಕೆಲಸ ಸರಳ. ಪ್ರತಿಯೊಂದು ಸರ್ವರಿನೊಳಗೂ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಂ ಕಾವಲು ಕೂರುತ್ತದೆ. ಅಲ್ಲಿ ಏನೇ ಬದಲಾದರೂ ಗಳಿಗೆಯಲ್ಲಿ ದೂರದ ಇನ್ನೊಂದು ಕಟ್ಟಡದ ಯಂತ್ರಕ್ಕೆ ನಕಲು ಕಳಿಸುತ್ತದೆ. ಇಲ್ಲಿ ಸುಟ್ಟದ್ದು ಅಲ್ಲಿ ಒಂದೆರಡು ಗಂಟೆಯಲ್ಲಿ ಎದ್ದು ಕೂರುತ್ತದೆ. ಆದರೆ ಈ ಕಾವಲುಗಾರ ಎಲ್ಲರ ಮನೆಯಲ್ಲೂ ಕೂರುವವನಲ್ಲ. ಯಾವ ಆಪರೇಟಿಂಗ್ ಸಿಸ್ಟಂ ಇರಬೇಕು, ಅದರ ಎಷ್ಟನೆಯ ಆವೃತ್ತಿ, ಮೆಮೊರಿ ಎಷ್ಟು, ಡಿಸ್ಕು ಯಾವ ಬಗೆಯದು, ಇವೆಲ್ಲ ಆ ನಲವತ್ತೊಂದು ಪುಟಗಳಲ್ಲಿದ್ದವು. ಮೂವತ್ತಮೂರನೆಯ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಮಾತಿತ್ತು: ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ನಾವು ಜವಾಬ್ದಾರರಲ್ಲ.

ಅವಳು ಅಲ್ಲಿ ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲಿದ್ದ ಟೆಕ್ನಿಷಿಯನ್. ಕಾರ್ಮಿಕರು ಅವಳನ್ನು ಸರ್ವರಮ್ಮ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿದ್ದವು ಹದಿನಾಲ್ಕು ಸರ್ವರ್. ಅವಳು ಪಟ್ಟಿ ಹಿಡಿದು ಒಂದೊಂದನ್ನೇ ತಾಳೆ ನೋಡಿದಳು. ಹದಿಮೂರು ಪಾಸಾದವು. ಹದಿನಾಲ್ಕನೆಯದು ಕಾರ್ಮಿಕರ ಆಸ್ಪತ್ರೆಯ ಮೆಟ್ಟಿಲ ಕೆಳಗೆ, ಹಾಸಿಗೆ ಬಟ್ಟೆ ತುಂಬಿದ ಉಗ್ರಾಣದ ಪಕ್ಕದಲ್ಲಿ ಹತ್ತು ವರ್ಷದಿಂದ ಗೊರಗೊರ ಎನ್ನುತ್ತಿದ್ದ ಡಬ್ಬಿ. ಅದರೊಳಗಿನ ಸಿಸ್ಟಂ ಅನ್ನು ಮಾಡಿದ ಕಂಪನಿಯೇ ಅದರ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಪಟ್ಟಿಯಲ್ಲಿ ಅದರ ಹೆಸರಿನ ಸುಳಿವೂ ಇರಲಿಲ್ಲ.

ಆ ಡಬ್ಬಿಯಲ್ಲಿದ್ದದ್ದು ರುಬ್ಬುವ ವಿಭಾಗದ ಅರವತ್ತಮೂರು ಜನರ ಉಸಿರಿನ ಪರೀಕ್ಷೆ. ವರ್ಷಕ್ಕೊಮ್ಮೆ ಅವರನ್ನು ಸಾಲಾಗಿ ನಿಲ್ಲಿಸಿ, ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆಯೊಂದನ್ನು ಬಾಯಿಗಿಟ್ಟು ಊದಿಸುತ್ತಿದ್ದರು. ಗಟ್ಟಿ ಎದೆಯವನು ಎಷ್ಟು ಊದಬೇಕೋ ಅದರಲ್ಲಿ ನೂರಕ್ಕೆ ಎಷ್ಟು ಊದಿದ ಎಂಬ ಅಂಕಿ ನೇರ ಯಂತ್ರಕ್ಕೆ ಹೋಗುತ್ತಿತ್ತು. ಕೈಗೆ ಕಾಗದ ಕೊಡುತ್ತಿರಲಿಲ್ಲ. ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ: "ಹೋದ ವರ್ಷದ ಹಾಗೇ ಇದೆ, ಹೋಗಿ ಕೆಲಸ ನೋಡಿ."

ಅವಳ ಅಣ್ಣ ಆ ಅರವತ್ತಮೂರರಲ್ಲಿ ಒಬ್ಬ. ಮೊದಲ ವರ್ಷ ವಿಭಾಗಕ್ಕೆಲ್ಲ ಜೋರಾಗಿ ಊದಿದವನು ಅವನೇ. ಊದಿಸುವ ಸಿಸ್ಟರ್ ಬೆರಗಾಗಿ ಅವನ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಕೂಗಿಬಿಟ್ಟಿದ್ದರು. ಅಂದಿನಿಂದ ಗೆಳೆಯರ ಬಾಯಲ್ಲಿ ಅವನ ಹೆಸರು ಪೀಪಿ. ಈಗ ಪೀಪಿ ಮನೆಯ ಒಂದು ಮಹಡಿ ಹತ್ತಲು ಎರಡು ಸಲ ಕೂರುತ್ತಿದ್ದ.

ಹದಿನಾಲ್ಕು ಸಾಲಿನ ಹೊಂದಾಣಿಕೆ ಫಾರ್ಮು ತುಂಬಿ ಅವಳು ಮ್ಯಾನೇಜರನ ಮುಂದಿಟ್ಟಳು. ಹದಿಮೂರು ಸಾಲುಗಳಲ್ಲಿ 'ಇದೆ', ಕೊನೆಯದರಲ್ಲಿ 'ಇಲ್ಲ'.

"ಸರ್, ಹದಿನಾಲ್ಕನೇದು ಪಟ್ಟೀಲಿಲ್ಲ."

"ಯಾವುದಮ್ಮಾ ಅದು ಹದಿನಾಲ್ಕನೇದು?"

"ಆಸ್ಪತ್ರೆ ಮೆಟ್ಟಿಲ ಕೆಳಗಿನದು."

"ಅಯ್ಯೋ, ಅದಿನ್ನೂ ಬದುಕಿದೆಯಾ!" ಮ್ಯಾನೇಜರ್ ಮನಸಾರೆ ನಕ್ಕ. ಕೆಟ್ಟವನಲ್ಲ ಅವನು. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳುವವನು, ರಜೆ ಕೊಡುವವನು. ಇಂಥವರ ಕೈಯಿಂದಲೇ ಇಂಥ ಕೆಲಸಗಳು ನಡೆಯುವುದು.

"ಹೊಸ ಮಷೀನು ತಗೋಬೇಕು ಸರ್. ಇಲ್ಲಾಂದ್ರೆ ಅದರಲ್ಲಿ ಏಜೆಂಟ್ ಕೂರೋದೇ ಇಲ್ಲ."

"ಈ ವರ್ಷದ ಖರೀದಿ ಮುಗೀತಲ್ಲಮ್ಮಾ. ನೋಡು, ಸರಕು ಸಾಗಣೆ ಸರ್ವರ್ ಪಾಸಾಯ್ತಾ? ಆಯ್ತು. ದೊಡ್ಡವರ ಮೇಲ್? ಆಯ್ತು. ಕ್ಯಾಂಟೀನಿಂದೂ ಆಯ್ತು. ಇನ್ನೇನು ಬೇಕು? ಅದರಲ್ಲಿರೋದು ಊದೋ ಕತೆ ತಾನೇ?"

"ಹತ್ತು ವರ್ಷದ್ದು ಸರ್."

"ಒಂದು ಕೆಲಸ ಮಾಡು. ಅದರ ಫೋಲ್ಡರನ್ನ ದಿನಾ ಒಂದ್ಸಲ ಹದಿಮೂರನೇದಕ್ಕೆ ಕಾಪಿ ಹೊಡಿ. ಹದಿಮೂರನೇದು ಪಟ್ಟೀಲಿದೆ, ಅದರ ಹೊಟ್ಟೇಲಿ ಇದೂ ಇರುತ್ತೆ. ಬಸುರಿ ಹೆಂಗಸು ಬಸ್ ಹತ್ತಿದ್ರೆ ಕಂಡಕ್ಟರ್ ಎರಡು ಟಿಕೆಟ್ ಹರೀತಾನಾ?"

ಅವಳಿಗೂ ನಗು ಬಂತು. ಬಂದದ್ದನ್ನು ನುಂಗಿ ಹೇಳಿದಳು. "ನಡೀತಿರೋ ಡೇಟಾಬೇಸನ್ನ ಹಂಗೇ ಕಾಪಿ ಮಾಡಿದ್ರೆ ಅದು ಮತ್ತೆ ತೆರೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ ಸರ್. ಅರ್ಧ ಬರೆದ ಪುಟ ಬಂದ್ಬಿಡುತ್ತೆ. ನಿಲ್ಲಿಸಿ ಕಾಪಿ ಮಾಡ್ಬೇಕು."

"ಆಸ್ಪತ್ರೆಯವರು ನಿಲ್ಲಿಸೋಕೆ ಬಿಡ್ತಾರಾ? ಬಿಡಲ್ಲ. ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯಾ." ಅವನು ಅವಳ ಫಾರ್ಮನ್ನು ಎರಡಾಗಿ ಮಡಿಸಿ ಬುಟ್ಟಿಗೆ ಹಾಕಿ, ಖಾಲಿ ಫಾರ್ಮೊಂದನ್ನು ಮುಂದೆ ಸರಿಸಿದ. "ಪೆನ್ ಇದೆಯಾ?"

ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯುವುದಿತ್ತು. ಅವನು ಆ ಮಾತೆತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಗುತ್ತಿಗೆಯವರ ಕಿವಿಗೆ ಹೇಳದ ಮಾತೇ ಜೋರಾಗಿ ಕೇಳಿಸುತ್ತದೆ. ಅವಳು ಹದಿನಾಲ್ಕು ಸಲ 'ಇದೆ' ಎಂದು ಬರೆದಳು. ಕೆಳಗೆ ಸಹಿ ಹಾಕಿದಳು.

ಆರು ತಿಂಗಳಿಗೊಮ್ಮೆ ಡ್ರಿಲ್ ನಡೆಯುತ್ತಿತ್ತು. ವಿಪತ್ತು ಬಂದಿದೆ ಎಂದುಕೊಂಡು ಒಂದು ಸರ್ವರನ್ನು ಆರಿಸಿ, ಅದನ್ನು ದೂರದ ಕಟ್ಟಡದಲ್ಲಿ ಎಬ್ಬಿಸಿ ತೋರಿಸುವುದು. ಆರಿಸುತ್ತಿದ್ದದ್ದು ಯಾವಾಗಲೂ ಕ್ಯಾಂಟೀನಿನ ಟೋಕನ್ ಸರ್ವರನ್ನೇ. ಪುಟ್ಟದು, ಹೊಸದು, ಹನ್ನೊಂದು ನಿಮಿಷದಲ್ಲಿ ಏಳುತ್ತಿತ್ತು. ದೊಡ್ಡವರು ಗಡಿಯಾರ ನೋಡಿ ಚಪ್ಪಾಳೆ ತಟ್ಟುತ್ತಿದ್ದರು, ಗುಂಪು ಫೋಟೊ ಆಗುತ್ತಿತ್ತು. ವರದಿಯಲ್ಲಿ 'ಎಲ್ಲ ವ್ಯವಸ್ಥೆಗಳೂ ಸಿದ್ಧ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಭೂಮಿ ಬಾಯ್ಬಿಟ್ಟು ಎಲ್ಲವನ್ನೂ ನುಂಗಿದರೂ ಮಧ್ಯಾಹ್ನದ ಊಟದ ಟೋಕನ್ ಮಾತ್ರ ಹನ್ನೊಂದೇ ನಿಮಿಷದಲ್ಲಿ ಸಿಗುವುದು ಖಾತ್ರಿಯಾಗಿತ್ತು.

"ಈ ಸಲ ಹದಿನಾಲ್ಕನೇದರ ಕಾಪಿ ತೆರೆದು ನೋಡೋಣ ಸರ್. ಎರಡು ದಿನ ಕೊಡಿ ಸಾಕು," ಎಂದು ಅವಳು ಕೇಳಿದ್ದಳು.

"ಏಳೋದನ್ನ ಎಬ್ಬಿಸಿ ತೋರಿಸಿದ್ರೆ ಅದು ಡ್ರಿಲ್ ಕಣಮ್ಮಾ. ಏಳದೇ ಇರೋದನ್ನ ಎಬ್ಬಿಸೋಕೆ ಹೋದ್ರೆ ಅದು ತನಿಖೆ. ನಮಗೆ ಯಾವುದು ಬೇಕು?"

ಮುಂದಿನ ಡ್ರಿಲ್‌ನಲ್ಲಿ ಇನ್ನೊಮ್ಮೆ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ. ಪರದೆಯ ಮೇಲೆ ಹದಿಮೂರನೆಯ ಸರ್ವರಿನ ಮುಂದೆ, ಎಲ್ಲ ಸರಿಯಾಗಿದೆ ಎನ್ನುವ ಹಸಿರು ಚುಕ್ಕೆ ಇತ್ತು. ದಿನಾ ಬೆಳಿಗ್ಗೆ ಬಂದು ಆ ಹಸಿರನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅದನ್ನು ನಂಬಿದಳು.

ಆಮೇಲೆ ರುಬ್ಬುವ ವಿಭಾಗದವರು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದರು. ದೂಳು ನಮ್ಮ ಎದೆಯನ್ನು ತಿಂದಿದೆ, ದೂಳು ಹಿಡಿದಿಡುವ ಯಂತ್ರ ಕೂರಿಸುವ ತನಕ ವಿಭಾಗಕ್ಕೆ ಬೀಗ ಹಾಕಿ, ನಮಗೆ ಬದುಕಿರುವವರೆಗೆ ಚಿಕಿತ್ಸೆ ಕೊಡಿ ಎಂದು. ಕಾರ್ಖಾನೆಯ ಡಾಕ್ಟರು ಬೀಡಿ ಎಂದರು, ಒಲೆಯ ಹೊಗೆ ಎಂದರು, ಹುಟ್ಟಿನಿಂದ ಬಂದದ್ದು ಎಂದರು. ತನಿಖಾಧಿಕಾರಿ ಒಂದೇ ಸಾಲಿನ ಆದೇಶ ಕೊಟ್ಟರು: ಹನ್ನೆರಡು ವರ್ಷದ ಪರೀಕ್ಷೆಯ ಅಂಕಿಗಳನ್ನು ಮುಂದಿನ ವಿಚಾರಣೆಗೆ ತನ್ನಿ. ಗಟ್ಟಿ ಎದೆ ಹೊತ್ತು ಒಳಗೆ ಬಂದವರು ವರ್ಷ ವರ್ಷ ಇಳಿದದ್ದು ಕಾಣಿಸಿದರೆ ಬೇರೆ ಸಾಕ್ಷಿಯೇ ಬೇಡ.

ಅಂದು ಅಣ್ಣನ ಮನೆಯಲ್ಲಿ ನಗು ಇತ್ತು.

"ನನ್ನ ಉಸಿರಿಗೆ ಕಾವಲು ನನ್ನ ತಂಗಿ ಅಂತ ಎಲ್ಲರ ಹತ್ರ ಹೇಳ್ಕೊಂಡ್ ಬಂದೆ," ಎಂದ ಅಣ್ಣ, ಮಾತಿನ ನಡುವೆ ನಿಲ್ಲಿಸಿ ಗಾಳಿ ಎಳೆದುಕೊಳ್ಳುತ್ತ. "ಆ ಮಷೀನು ನೋಡ್ಕೊಳ್ಳೋದು ಅವಳೇ ಅಂದೆ. ಮೊದಲ್ನೇ ವರ್ಷ ನಂದು ತೊಂಬತ್ತಾರು. ಅಧಿಕಾರಿ ಅದನ್ನ ನೋಡಿದ್ರೆ ಎದ್ದು ನಿಂತು ನಮಸ್ಕಾರ ಹೊಡೀತಾನೆ."

"ಈಗಿಂದ ನೋಡಿದ್ರೆ ಹಾರ ಹಾಕ್ತಾನೆ," ಎಂದಳು ಅತ್ತಿಗೆ.

ಅಣ್ಣ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು.

ವಿಚಾರಣೆಗೆ ಹನ್ನೊಂದು ದಿನ ಇದ್ದಾಗ, ಒಂದು ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಯ ಉಗ್ರಾಣದಲ್ಲಿದ್ದ ಯುಪಿಎಸ್ ಬ್ಯಾಟರಿಗಳು ಹೊತ್ತಿಕೊಂಡವು. ಬ್ಯಾಟರಿಯಿಂದ ಹಾಸಿಗೆ ಬಟ್ಟೆಗೆ, ಬಟ್ಟೆಯಿಂದ ಮೆಟ್ಟಿಲ ಕೆಳಗಿನ ಡಬ್ಬಿಗೆ. ಅರ್ಧ ಗಂಟೆಯಲ್ಲಿ ಆರಿಸಿದರು. ಯಾರಿಗೂ ಗಾಯವಾಗಲಿಲ್ಲ. ಮಾಲೀಕರೇ ಹಚ್ಚಿಸಿದರೆಂದು ಕಾರ್ಮಿಕರ ನಡುವೆ ಗುಸುಗುಸು ಎದ್ದಿತು. ಇಲ್ಲ, ಯಾರೂ ಹಚ್ಚಿರಲಿಲ್ಲ. ಹಚ್ಚುವ ಶ್ರಮ ಅವರಿಗೆ ಬೇಕೇ ಇರಲಿಲ್ಲ. ಬಡವರ ಉಸಿರಿನ ಲೆಕ್ಕವನ್ನು ಹಳೆಯ ಬ್ಯಾಟರಿಯ ಪಕ್ಕದಲ್ಲಿಟ್ಟು ಸುಮ್ಮನೆ ಕಾದರೆ ಸಾಕಿತ್ತು.

ಅವಳು ಹದಿಮೂರನೆಯದರೊಳಗಿನ ಕಾಪಿಯನ್ನು ಹೊರತೆಗೆದು ಇನ್ನೊಂದು ಯಂತ್ರದ ಮೇಲೆ ತೆರೆದಳು. ಪುಟ ಹಾಳಾಗಿದೆ ಎಂದಿತು ಪರದೆ. ದುರಸ್ತಿ ಮಾಡುವ ಆಜ್ಞೆ ಕೊಟ್ಟಳು. ಅದೂ ಅರ್ಧಕ್ಕೆ ನಿಂತಿತು. ಹಿಂದಿನ ದಿನದ ಕಾಪಿ ನೋಡೋಣವೆಂದರೆ ಹಿಂದಿನ ದಿನದ್ದು ಇರಲಿಲ್ಲ. ಪ್ರತಿದಿನದ ಕಾಪಿ ಅದರ ಹಿಂದಿನ ದಿನದ್ದನ್ನು ಒರೆಸಿ ಅದರ ಜಾಗದಲ್ಲೇ ಕೂರುತ್ತಿತ್ತು. ಕಾಪಿ ಹೊಡೆಯುವ ಪ್ರೋಗ್ರಾಂ ಅನ್ನು ಹಾಗೆ ಬರೆದವಳು ಅವಳೇ, ಡಿಸ್ಕಿನಲ್ಲಿ ಜಾಗ ಸಾಲದೆಂದು. ನಾಲ್ಕು ದಿನ ಕುರ್ಚಿ ಬಿಟ್ಟು ಏಳಲಿಲ್ಲ. ಸಾಫ್ಟ್‌ವೇರ್ ಮಾರಿದವನಿಗೆ ಫೋನು ಮಾಡಿದಳು.

"ಯಾವ ಸಿಸ್ಟಂ ಮೇಡಂ?" ಎಂದ ಅವನು. ಹೇಳಿದಳು. ಆ ಕಡೆ ಪುಟ ತಿರುವಿದ ಸದ್ದು. "ಅದು ಪಟ್ಟೀಲೇ ಇಲ್ವಲ್ಲ ಮೇಡಂ. ಮೂವತ್ತಮೂರನೇ ಪುಟದ ಕೆಳಗೆ ನೋಡಿ."

"ಓದಿದೀನಿ."

"ಓದಿದವರು ನೀವೊಬ್ರೇ ಇರ್ಬೇಕು ಮೇಡಂ," ಎಂದು ಅವನು ಮೆಚ್ಚುಗೆಯಿಂದಲೇ ಹೇಳಿದ.

ಐದನೆಯ ದಿನ ಒಂದೇ ಒಂದು ಕೋಷ್ಟಕ ಸಿಕ್ಕಿತು. ಅರವತ್ತಮೂರು ಹೆಸರುಗಳು, ಹುಟ್ಟಿದ ದಿನ, ಕೆಲಸಕ್ಕೆ ಸೇರಿದ ದಿನ. ಅಣ್ಣನ ಹೆಸರು ಹತ್ತೊಂಬತ್ತನೆಯದು. ಅದರ ಮುಂದೆ ಅಂಕಿಗಳಿರಬೇಕಾದ ಕಡೆ ಏನೂ ಇರಲಿಲ್ಲ. ಅವಳು ಆ ಖಾಲಿಯನ್ನೇ ನೋಡುತ್ತ ಕೂತಳು. ಅವನ ತೊಂಬತ್ತಾರು ಅಲ್ಲೇ ಎಲ್ಲೋ ಇತ್ತು, ಹರಿದ ಪುಟಗಳ ನಡುವೆ. ಅದನ್ನು ಎಬ್ಬಿಸುವ ಯಂತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮ್ಯಾನೇಜರ್ ಬಾಗಿಲು ಹಾಕಿಕೊಂಡು ಮಾತಾಡಿದ.

"ಬೆಂಕಿ ಬಿತ್ತು, ಹೋಯ್ತು. ಅಷ್ಟೇ ಹೇಳು. ಬೆಂಕಿ ಯಾರ ಮಾತು ಕೇಳುತ್ತೆ?"

"ಬೆಂಕಿ ಬಿದ್ರೆ ಹೋಗಬಾರ್ದು ಅಂತಾನೇ ಅಲ್ವಾ ಸರ್ ಆ ಸಾಫ್ಟ್‌ವೇರ್ ತಂದಿದ್ದು?"

"ಹಂಗೆ ಕೇಳಿದ್ರೆ ಅವರು ಫಾರ್ಮ್ ಕೇಳ್ತಾರೆ. ಫಾರ್ಮಲ್ಲಿ ಸಹಿ ಯಾರದಮ್ಮಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಾಳಜಿಯಿತ್ತು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅವಳು ನೇರ ಅಣ್ಣನ ಮನೆಗೆ ಹೋದಳು. ಅಣ್ಣ ಕಿಟಕಿಯ ಬಳಿ ಮೊಣಕೈಗಳನ್ನು ತೊಡೆಗೆ ಊರಿ ಮುಂದೆ ಬಾಗಿ ಕೂತಿದ್ದ. ಈಗೀಗ ಹಾಗೆ ಕೂತರೆ ಮಾತ್ರ ಗಾಳಿ ಸಲೀಸಾಗಿ ಒಳಗೆ ಹೋಗುತ್ತಿತ್ತು. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಫಾರ್ಮು, ಬುಟ್ಟಿಗೆ ಬಿದ್ದ 'ಇಲ್ಲ', ಹದಿನಾಲ್ಕು 'ಇದೆ', ಸಹಿ.

ಅತ್ತಿಗೆ ಕೈಲಿದ್ದ ಲೋಟವನ್ನು ನೆಲಕ್ಕೆ ಕುಕ್ಕಿದಳು. "ಸಹಿ ಹಾಕುವಾಗ ಇವರ ಮುಖ ನೆನಪಾಗಲಿಲ್ವೇನೇ ನಿಂಗೆ? ಹೋಗಲಿ, ಒಂದಿನ ಬಂದು 'ಅತ್ತಿಗೆ, ಹಿಂಗಾಗಿದೆ' ಅಂತ ಅನ್ನೋಕೆ ಬಾಯಿ ಬಿದ್ದೋಗಿತ್ತಾ? ನಾವೇ ಆ ಸಿಸ್ಟರ್ ಕಾಲು ಹಿಡಿದು ಒಂದೊಂದು ಅಂಕೀನೂ ಗೋಡೆ ಮೇಲೆ ಇದ್ದಿಲಲ್ಲಿ ಬರ್ಕೋತಿದ್ವಲ್ಲೇ!"

ಅತ್ತಿಗೆ ಹೇಳಿದಂತೆ ಮಾಡಲು ಯಾವ ಸಾಫ್ಟ್‌ವೇರೂ ಬೇಕಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಅಣ್ಣ ನೆಲ ನೋಡುತ್ತಲೇ ಕೇಳಿದ. "ಏನೂ ಸಿಗಲಿಲ್ವಾ?"

"ಹೆಸರು ಸಿಕ್ತು ಅಣ್ಣಾ. ಎಲ್ಲರದ್ದೂ."

"ಸರಿ ಹೋಯ್ತು. ಕಲ್ಲಿನ ಮೇಲೆ ಕೆತ್ತೋಕೆ ಅಷ್ಟು ಸಾಕು." ನಿಧಾನವಾಗಿ ತಲೆಯೆತ್ತಿದ. "ಅವನು ಏನ್ ಹೇಳು ಅಂದ?"

"ಬೆಂಕಿ ಬಿತ್ತು ಅಂತ ಮಾತ್ರ."

"ನೀನು ಏನ್ ಹೇಳ್ತೀಯಾ?"

"ಎಲ್ಲಾ ಹೇಳ್ತೀನಿ."

"ಕೆಲಸ ಹೋಗುತ್ತೆ."

"ಹೋಗಲಿ."

"ಅದನ್ನ ಆವತ್ತೇ ಅಂದಿದ್ರೆ," ಎಂದು ಅತ್ತಿಗೆ ಒಳಗೆ ಹೋದಳು.

ವಿಚಾರಣೆಯ ಕೋಣೆಯಲ್ಲಿ ಒಂದು ಉದ್ದ ಮೇಜು, ಎರಡು ಫ್ಯಾನು, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ಬರಲು ಶಕ್ತಿಯಿದ್ದ ಕಾರ್ಮಿಕರೆಲ್ಲ ಬಂದಿದ್ದರು. ಅವಳು ಎದ್ದು ನಿಂತು ಹೇಳಿದಳು: ಬೆಂಕಿ ಸುಟ್ಟದ್ದು ಡಬ್ಬಿಯನ್ನು ಮಾತ್ರ, ದಾಖಲೆ ಅದಕ್ಕೂ ಮೊದಲೇ ಅನಾಥವಾಗಿತ್ತು. ಆ ಯಂತ್ರ ಪಟ್ಟಿಯಲ್ಲಿರಲಿಲ್ಲ. ನಾನು 'ಇಲ್ಲ' ಎಂದು ಬರೆದೆ, 'ಇದೆ' ಎಂದು ಬರೆಸಿದರು, ಬರೆದೆ.

ಕಾರ್ಖಾನೆಯ ವಕೀಲ ಕನ್ನಡಕ ಒರೆಸುತ್ತ ಎದ್ದ. "'ಇಲ್ಲ' ಅಂತ ಬರೆದ ಫಾರ್ಮ್ ಎಲ್ಲಿದೆಯಮ್ಮಾ?"

"ಬುಟ್ಟಿಗೆ ಹಾಕಿದ್ರು."

"ಹಾಕಿದ್ದನ್ನ ನೋಡಿದವರು?"

"ನಾನೇ."

"ಇದು ನಿಮ್ಮ ಸಹಿ ತಾನೇ?"

"ಹೌದು."

"ಅಂದ್ರೆ ಸುಳ್ಳು ಅಂತ ಗೊತ್ತಿದ್ದೇ ಸಹಿ ಹಾಕಿದ್ದೀರಿ. ಇವತ್ತು ಹೇಳ್ತಿರೋದು ನಿಜ ಅಂತ ನಾವು ಯಾಕೆ ನಂಬಬೇಕು? ಅಲ್ಲಿ ಕೂತಿರೋರು ನಿಮ್ಮ ಅಣ್ಣ ಅಲ್ವಾ?"

"ಹೌದು."

"ಇಷ್ಟೇ ಸಾರ್," ಎಂದು ಅವನು ಕೂತ.

ಅಣ್ಣ ಕುರ್ಚಿಯ ಹಿಡಿ ಹಿಡಿದು ಅರ್ಧ ಎದ್ದ. "ನಂದು ಮೊದಲ್ನೇ ವರ್ಷ ತೊಂಬತ್ತಾರಿತ್ತು ಸಾರ್. ಇವರೆಲ್ಲ ಕೇಳಿಸ್ಕೊಂಡಿದಾರೆ. ಅದಕ್ಕೇ ನನ್ನ ಪೀಪಿ ಅಂತ ಕರೆಯೋದು."

"ಅಡ್ಡಹೆಸರು ದಾಖಲೆ ಆಗಲ್ಲಪ್ಪ," ಎಂದರು ಅಧಿಕಾರಿ. ಅವರಿಗೂ ಬೇಸರವಿದ್ದಂತೆ ಕಂಡಿತು. ಆದೇಶ ಬರೆಸಿದರು: ಬೆಂಕಿಯಿಂದಲೂ ಟೆಕ್ನಿಷಿಯನ್‌ಳ ನಿರ್ಲಕ್ಷ್ಯದಿಂದಲೂ ಹಳೆಯ ದಾಖಲೆ ಲಭ್ಯವಿಲ್ಲ. ಅರವತ್ತಮೂರು ಜನರಿಗೂ ಹೊಸದಾಗಿ ಪರೀಕ್ಷೆ ಮಾಡಿಸಿ. ಇನ್ನು ಮುಂದೆ ವರ್ಷ ವರ್ಷ ಎಷ್ಟು ಇಳಿಯುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಲಾಗುವುದು.

ಇನ್ನು ಮುಂದೆ ಇಳಿಯಲು ಅವರೊಳಗೆ ಏನು ಉಳಿದಿದೆ ಎಂದು ಯಾರೂ ಕೇಳಲಿಲ್ಲ. ಗೇಟಿನಲ್ಲಿ ಕಾವಲಿನವನು ಅವಳ ಪಾಸನ್ನು ಇಸಿದುಕೊಂಡ. ಮ್ಯಾನೇಜರ್ ಫೋನು ಮಾಡಿ ತುಂಬ ನೊಂದುಕೊಂಡ.

ಮೆಟ್ಟಿಲ ಕೆಳಗಿನ ಗೋಡೆಗೆ ಸುಣ್ಣ ಬಳಿದು ವಾರದೊಳಗೆ ಹೊಸ ಸರ್ವರ್ ಬಂತು. ಈ ವರ್ಷದ ಖರೀದಿ ಮುಗಿದಿದೆ ಎಂದು ಈ ಸಲ ಯಾರೂ ಹೇಳಲಿಲ್ಲ. ಅದು ಪಟ್ಟಿಯಲ್ಲಿತ್ತು.

ಪರೀಕ್ಷೆಯ ದಿನ ಮೊದಲ ತಂಡಕ್ಕೆ ಹನ್ನೆರಡು ಜನರನ್ನು ಕರೆದಿದ್ದರು. ಅವಳು ಅಣ್ಣನನ್ನು ತೋಳು ಹಿಡಿದು ಕರೆತಂದಳು. ಅತ್ತಿಗೆ ಹಿಂದೆ ಬಂದಳು, ಅವಳೊಡನೆ ಮಾತಿಲ್ಲದೆ. ಊದಿಸುವ ಸಿಸ್ಟರ್ ಹಳಬರು, ಎಲ್ಲರನ್ನೂ ಮುಖ ನೋಡಿಯೇ ಬಲ್ಲವರು. ಅಣ್ಣನ ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆಗೆ ಹೊಸ ತುದಿ ಸಿಕ್ಕಿಸಿ, ಪರದೆ ನೋಡಿದರು.

"ಮೊದಲ ಪರೀಕ್ಷೆನೋ ಮರುಪರೀಕ್ಷೆನೋ ಅಂತ ಕೇಳ್ತಿದೆ ಅಣ್ಣಾ. ಮೊದಲ್ನೇದು ಅಂತ ಒತ್ತಲಾ?"

"ಮರುಪರೀಕ್ಷೆ," ಎಂದ ಅಣ್ಣ. "ಹದಿಮೂರನೇದು."

"ಹಂಗೆ ಒತ್ತಿದ್ರೆ ಹಳೇ ನಂಬರು ಕೇಳುತ್ತೆ. ಕೊಡದಿದ್ರೆ ಮುಂದಕ್ಕೇ ಹೋಗಲ್ಲ."

"ಹನ್ನೆರಡು ಸಲ ನೀವೇ ಊದಿಸಿದೀರಲ್ಲ ಸಿಸ್ಟರ್."

"ನಂಗೆ ಗೊತ್ತಣ್ಣಾ. ಇದಕ್ಕೆ ಗೊತ್ತಿಲ್ವಲ್ಲ." ಅವರು ದನಿ ತಗ್ಗಿಸಿದರು. "ಸುಮ್ನೆ ಊದ್ಬಿಡಿ. ಊದದಿದ್ರೆ ಉಸಿರಿನ ಪಂಪ್ ಕೊಡಬಾರ್ದು ಅಂತ ಬರೆದು ಹಾಕಿದಾರೆ."

ಅವನ ಜೇಬಿನಲ್ಲಿದ್ದ ಪಂಪಿನಲ್ಲಿ ಎರಡು ದಿನಕ್ಕಾಗುವಷ್ಟು ಔಷಧಿಯಿತ್ತು. ಅದು ಅವಳಿಗೆ ಗೊತ್ತಿತ್ತು. ಅವನ ಭುಜ ಹಿಡಿದಳು.

"ಅಣ್ಣಾ, ಊದ್ಬಿಡು. ಆಮೇಲೆ ಹೋರಾಡೋಣ. ನಿನ್ನ ದಮ್ಮಯ್ಯ."

ಅಣ್ಣ ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ ಆ ಮುಖದಲ್ಲಿ.

"ಇವತ್ತು ಮೊದಲ ಸಲ ಅಂತ ಒಪ್ಕೊಂಡು ಊದಿದ್ರೆ," ಎಂದ. ಗಾಳಿ ಎಳೆದುಕೊಂಡ. "ನಾನು ಇಂಥ ಎದೆ ಹೊತ್ಕೊಂಡೇ ಇವರ ಬಾಗಿಲಿಗೆ ಬಂದೆ ಅಂತ ಆಗುತ್ತೆ." ಮತ್ತೆ ಎಳೆದುಕೊಂಡ. "ನೀನು ಪೆನ್ನಲ್ಲಿ ಮಾಡಿದ್ದನ್ನ ನಾನು ಬಾಯಲ್ಲಿ ಮಾಡ್ಲಾ?"

ಅವಳ ಕೈ ಅವನ ಭುಜದಿಂದ ತಾನಾಗಿ ಜಾರಿತು.

ಅಣ್ಣ ಮೂಗಿನ ಕ್ಲಿಪ್ಪು ತೆಗೆದು ಕೊಳವೆಯ ಪಕ್ಕದಲ್ಲಿಟ್ಟ. ತುಟಿ ಬಿಗಿದು, ಕೈ ಕಟ್ಟಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಹಾಗೆ ಒರಗಿದರೆ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಆದರೂ ಒರಗಿಯೇ ಕೂತ. ಅತ್ತಿಗೆ ಬಂದು ಅವನ ಕುರ್ಚಿಯ ಕಾಲ ಬಳಿ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತು ಬಿಟ್ಟು, ನಿಂತೇ ಇದ್ದ ನಾದಿನಿಯ ಸೆರಗು ಹಿಡಿದೆಳೆದು ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು.

"ಹೊರಗೆ ಸೆಕ್ಯೂರಿಟಿ ಇದಾರೆ ಅಣ್ಣಾ, ನಂಗೆ ಕಷ್ಟ ಕೊಡ್ಬೇಡಿ," ಎಂದರು ಸಿಸ್ಟರ್. ಅವನು ಅಲುಗದ್ದನ್ನು ಕಂಡು ಬಾಗಿಲ ಬಳಿಯ ಬೆಂಚಿನ ಕಡೆ ತಿರುಗಿ ಕೂಗಿದರು: "ಮುಂದಿನವರು ಬನ್ನಿ."

ಬೆಂಚಿನಲ್ಲಿದ್ದ ಹನ್ನೊಂದು ಜನ ಪೀಪಿಯನ್ನು ನೋಡುತ್ತಿದ್ದರು. ಸಿಸ್ಟರ್ ಮತ್ತೊಮ್ಮೆ ಕೂಗಿದರು. ಹನ್ನೊಂದು ಎದೆಗಳು ಹರಿದ ತಿದಿಗಳಂತೆ ಸದ್ದು ಮಾಡುತ್ತಿದ್ದವು. ಯಾರೂ ಕದಲಲಿಲ್ಲ.